ಅನುಮೋದನೆಯ ಹಿಂಸೆ: ಕುದುರೆಮುಖದ ಕಾಡು ಮತ್ತು ಬಯಲಿನ ನಾವು

ಹಿಂಸೆಯನ್ನು ತಾನೇ ಮಾಡುವುದು, ಪರರಿಂದ ಮಾಡಿಸುವುದು, ಮಾಡಿದವರನ್ನು ಮನದಲ್ಲಿ ಒಪ್ಪುವುದು ಎಂಬ ಮೂರು ಬಗೆಗಳನ್ನು ನಮ್ಮ ಆಚಾರ್ಯರು ಕೃತ, ಕಾರಿತ, ಅನುಮೋದಿತವೆಂದು ಹೆಸರಿಸಿ, ಮೂರನ್ನೂ ಕರ್ಮಬಂಧಕ್ಕೆ ಕಾರಣವೆಂದು ಹೇಳಿದ್ದಾರೆ. ಮೊದಲೆರಡನ್ನು ಗುರುತಿಸುವುದು ಕಷ್ಟವಲ್ಲ. ಮೂರನೆಯದು ಕೈ ಶುಚಿಯಾಗಿರುವಾಗಲೇ, ಕೆಲವೊಮ್ಮೆ ಒಂದು ಸತ್ಕಾರ್ಯವನ್ನು ಮೆಚ್ಚುವಾಗಲೇ ಸಂಭವಿಸುತ್ತದೆ. ಕಾಡನ್ನು ಕಾಪಾಡುವುದೆಂಬ ಸತ್ಕಾರ್ಯದೊಳಗೆ ಅದು ಹೇಗೆ ಸೇರಿಕೊಳ್ಳುತ್ತದೆಂಬುದು ಇಲ್ಲಿನ ವಿಚಾರ.

ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಕಪ್ಪು ನೆಲದಲ್ಲಿ ನಿಂತು ಮಲೆನಾಡಿನ ಮಾತೇಕೆ ಎಂದು ಶ್ರಾವಕ ಬಂಧುಗಳು ಕೇಳಬಹುದು. ಸಿಂಧನೂರಿನ ಮಟ್ಟಿಗೆ ಉತ್ತರ ಕಾಲುವೆಯಲ್ಲಿದೆ. ತುಂಗೆ, ಭದ್ರೆಯರು ಹುಟ್ಟುವುದು ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗಿನ ಗಂಗಾಮೂಲದಲ್ಲಿ. ಕೂಡ್ಲಿಯಲ್ಲಿ ಒಂದಾದ ಆ ನೀರು, 1953ರಲ್ಲಿ ಪೂರ್ಣಗೊಂಡ ತುಂಗಭದ್ರಾ ಅಣೆಕಟ್ಟಿನಲ್ಲಿ ನಿಂತು, ಎಡದಂಡೆ ಕಾಲುವೆಯಲ್ಲಿ ಹರಿದು ಗಂಗಾವತಿಯನ್ನು ದಾಟಿ ನಮ್ಮ ಗದ್ದೆಗಳಿಗೆ ಬರುತ್ತದೆ. ಇಲ್ಲಿಯ ಅಕ್ಕಿ ಗಿರಣಿ, ಅಡತಿ ಅಂಗಡಿ, ಅವುಗಳ ಗಳಿಕೆಯಿಂದ ನಡೆಯುವ ದಾನಧರ್ಮ, ಎಲ್ಲದರ ಮೂಲದಲ್ಲಿ ಆ ಬೆಟ್ಟದ ಮಳೆಯ ಪಾಲಿದೆ. ಲಿಂಗಸುಗೂರಿನ ಹೊಲಗಳಿಗೆ ನಾರಾಯಣಪುರ ಬಲದಂಡೆಯಿಂದ ಬರುವ ಕೃಷ್ಣೆಯೂ ಮಹಾಬಳೇಶ್ವರದ ಬೆಟ್ಟದ ಮಗಳೇ. ಮಸ್ಕಿಯ ಸಂಬಂಧ ಬೇರೆ ಬಗೆಯದು. ಅದನ್ನು ಮುಂದೆ ಹೇಳುವೆ.

ಕುದುರೆಮುಖವು ಜೈನರಿಗೆ ಅಪರಿಚಿತವಾದ ಮಲೆಯೇನಲ್ಲ. ಅದರ ಒಂದು ಮಗ್ಗುಲಿಗೆ ಕಳಸ, ಇನ್ನೊಂದು ಮಗ್ಗುಲಿಗೆ ಕಾರ್ಕಳ. ಎರಡನ್ನೂ ಆಳಿದ ಭೈರರಸರ ವಂಶದ ವೀರಪಾಂಡ್ಯನೇ 1432ರಲ್ಲಿ ಕಾರ್ಕಳದ ಬಾಹುಬಲಿಯನ್ನು ನಿಲ್ಲಿಸಿದನು. ನಡುವಿನ ಆ ಶ್ರೇಣಿಯ ಸುಮಾರು 600 ಚದರ ಕಿಲೋಮೀಟರು 1987ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾಯಿತು. ನೆತ್ತಿಯ ಮೇಲೆ ಹುಲ್ಲು, ಬೆಟ್ಟದ ಮಡಿಕೆಗಳಲ್ಲಿ ಗಿಡ್ಡ ಮರಗಳ ದಟ್ಟ ಶೋಲಾ ಕಾಡು, ಕೆಳಗೆ ನಿತ್ಯಹಸುರಿನ ಅರಣ್ಯ. ಮಳೆಗಾಲದ ಅಬ್ಬರದ ನೀರನ್ನು ಹುಲ್ಲಿನ ಬೇರು, ಕೊಳೆತ ತರಗೆಲೆಗಳು ಹೀರಿಟ್ಟುಕೊಂಡು, ಮಳೆ ನಿಂತ ಮೇಲೂ ತಿಂಗಳುಗಟ್ಟಲೆ ಹನಿಹನಿಯಾಗಿ ಹೊಳೆಗೆ ಬಿಡುತ್ತವೆ. ಅಲ್ಲಿಯ ಮರದ ನೆತ್ತಿಯಲ್ಲೇ ಬಾಳುವ ಸಿಂಗಳೀಕವು ಪಶ್ಚಿಮಘಟ್ಟದ ಹೊರಗೆ ಜಗತ್ತಿನ ಬೇರಾವ ಕಾಡಿನಲ್ಲಿಯೂ ಇಲ್ಲ. ಅದರ ಆಹಾರದಲ್ಲಿ ಅತ್ತಿಯ ಜಾತಿಯ ಹಣ್ಣುಗಳೂ ಸೇರಿವೆ. ತ್ರಸಜೀವಿಗಳಿವೆಯೆಂದು ಶ್ರಾವಕನು ತೊರೆಯುವ ಪಂಚ ಉದುಂಬರಗಳು ಇದೇ ಕುಲದವು. ಅತ್ತಿಯೊಳಗೆ ಕಣಜಗಳು ಹುಟ್ಟಿ ಬೆಳೆಯುತ್ತವೆಂದು ಇಂದಿನ ಸಸ್ಯಶಾಸ್ತ್ರವೂ ಹೇಳುತ್ತದೆ. ನಾವು ತೊರೆದ ಹಣ್ಣು ಕಾಡಿಗೆ ಅನ್ನವಾಗಿದೆ.

ಈ ಬೆಟ್ಟವನ್ನೇ ಅಗೆದು 1976ರಲ್ಲಿ ಸ್ಥಾಪಿತವಾದ ಕಬ್ಬಿಣದ ಅದಿರು ಕಂಪನಿಯು ದಶಕಗಳ ಕಾಲ ಗಣಿ ನಡೆಸಿತು. ಮಳೆಗಾಲದಲ್ಲಿ ಗಣಿಯ ಕೆಂಮಣ್ಣು ಭದ್ರೆಗಿಳಿಯಿತು. 2002ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಆಜ್ಞೆಯಿತ್ತು, 2005ರ ಕೊನೆಗೆ ಗಣಿಗಾರಿಕೆ ನಿಂತಿತು. ನೆಲವನ್ನು ಸೀಳುವ ಸ್ಫೋಟಕರ್ಮವನ್ನು ಶ್ರಾವಕನು ಬಿಡಬೇಕಾದ ಹದಿನೈದು ಕರ್ಮಾದಾನಗಳಲ್ಲಿ ಎಣಿಸಿದ್ದಾರೆ. ಆದ್ದರಿಂದ ತೀರ್ಪನ್ನು ಮೆಚ್ಚುವುದು ನಮಗೆ ಸುಲಭ. ಆದರೆ ಹಟ್ಟಿಯ ಚಿನ್ನದ ಗಣಿಯನ್ನು ತನ್ನ ತಾಲೂಕಿನಲ್ಲೇ ಇಟ್ಟುಕೊಂಡ ಲಿಂಗಸುಗೂರಿನವರು, ಚಿನ್ನದ ವ್ಯಾಪಾರ ಮಾಡುವ ನಮ್ಮವರು, ಈ ಮೆಚ್ಚುಗೆಯನ್ನು ತುಸು ಮೆಲುದನಿಯಲ್ಲೇ ಹೇಳಬೇಕು.

ಗಣಿಯ ಪ್ರಶ್ನೆ ಸರಳ. ಕಠಿಣವಾದುದು ಮನುಷ್ಯರ ಪ್ರಶ್ನೆ. ಉದ್ಯಾನದ ಗಡಿಯೊಳಗೆ ಮಲೆಕುಡಿಯರು, ಗೌಡಲು ಮೊದಲಾದವರ ನೂರಾರು ಕುಟುಂಬಗಳು ಗಡಿ ಎಳೆಯುವ ಮೊದಲಿನಿಂದಲೂ ಬಾಳಿದ್ದವು. ಜೇನು, ಸೀಗೆ, ರಾಮಪತ್ರೆ, ಬೆತ್ತದ ಬುಟ್ಟಿ, ಒಂದು ತುಂಡು ಗದ್ದೆ, ತೋಟದ ಕೂಲಿ ಅವರ ಜೀವನ. ಕಾಡು ಅಖಂಡವಾಗಿರಬೇಕಾದರೆ ಅವರು ಹೊರಬರಬೇಕೆಂಬ ವಾದ ಹುಟ್ಟಿತು. ಪರಿಹಾರಧನದೊಡನೆ ‘ಸ್ವಇಚ್ಛೆಯ ಪುನರ್ವಸತಿ’ ಆರಂಭವಾಯಿತು. ಕೆಲವರು ಬಂದರು. ಶಾಲೆ, ಆಸ್ಪತ್ರೆ, ದೀಪ ದೂರವಿದ್ದ ಮನೆಗಳವರು ತಾವಾಗಿಯೇ ಕೇಳಿಕೊಂಡು ಬಂದುದೂ ಉಂಟು, ಅದನ್ನು ಮರೆಮಾಚಬಾರದು. ಉಳಿದವರು ಇನ್ನೂ ಅಲ್ಲಿದ್ದಾರೆ. ಆದರೆ ರಸ್ತೆಗೆ, ವಿದ್ಯುತ್ತಿಗೆ ಕಾಡಿನ ಕಾನೂನು ಅಡ್ಡವೆಂದು ವರ್ಷಗಟ್ಟಲೆ ತಡೆದು, ಬೇಸತ್ತವನು ಹೊರಡುತ್ತೇನೆಂದಾಗ ಅದನ್ನು ಸ್ವಇಚ್ಛೆಯೆಂದು ಬರೆದುಕೊಳ್ಳುವುದು ಸತ್ಯವ್ರತಕ್ಕೆ ಒಪ್ಪುವ ಮಾತೇ? ನನಗೆ ಒಪ್ಪುವುದಿಲ್ಲ. 2006ರ ಅರಣ್ಯ ಹಕ್ಕು ಕಾಯಿದೆಯು ರಾಷ್ಟ್ರೀಯ ಉದ್ಯಾನದೊಳಗೂ ಇಂಥವರ ಹಕ್ಕನ್ನು ಮನ್ನಿಸಿ, ಗ್ರಾಮಸಭೆಯ ಮುಕ್ತ ಸಮ್ಮತಿಯಿಲ್ಲದೆ ಸ್ಥಳಾಂತರ ಕೂಡದೆಂದಿದೆ.

ಇಲ್ಲಿ ಮಸ್ಕಿ ನೆನಪಾಗುತ್ತದೆ. 1915ರಲ್ಲಿ ಅಲ್ಲಿಯ ಬಂಡೆಯ ಮೇಲೆ ದೊರೆತ ಶಾಸನವೇ ದೇವಾನಾಂಪ್ರಿಯನು ಅಶೋಕನೆಂದು ಹೆಸರು ಹಿಡಿದು ತಿಳಿಸಿತು. ಆ ಅರಸನು ತನ್ನ ಸ್ತಂಭಶಾಸನವೊಂದರಲ್ಲಿ ಹಲವು ಪ್ರಾಣಿಪಕ್ಷಿಗಳ ವಧೆಯನ್ನೂ ನಿಷ್ಕಾರಣವಾಗಿ ಕಾಡಿಗೆ ಬೆಂಕಿಯಿಡುವುದನ್ನೂ ನಿಷೇಧಿಸಿದನು. ಅವನೇ ತನ್ನ ಹದಿಮೂರನೆಯ ಬಂಡೆಶಾಸನದಲ್ಲಿ, ಕಳಿಂಗದ ಹತ್ಯೆಗೆ ಮರುಗಿದ ಆ ಶಾಸನದಲ್ಲಿಯೇ, ಅಟವಿಯ ಜನರನ್ನು ಓಲೈಸುತ್ತ, ಪಶ್ಚಾತ್ತಾಪದಲ್ಲಿಯೂ ತನಗೆ ದಂಡಿಸುವ ಬಲವಿದೆಯೆಂದು ಎಚ್ಚರಿಸುತ್ತಾನೆ. ಕಾಡಿನ ಹಕ್ಕಿಗೆ ಅಭಯ, ಕಾಡಿನ ಮನುಷ್ಯನಿಗೆ ಎಚ್ಚರಿಕೆ! ಎರಡು ಸಾವಿರ ವರ್ಷಗಳಿಗೂ ಹಳೆಯದಾದ ಈ ಅಂತರ ನಮ್ಮಲ್ಲಿಯೂ ಉಳಿದಿದೆ.

ನಮ್ಮೊಳಗಿನ ತೊಡಕು ಇನ್ನೂ ಸೂಕ್ಷ್ಮ. ಮಧುತ್ಯಾಗ ನಮ್ಮ ಮೂಲಗುಣಗಳಲ್ಲಿ ಒಂದು. ಮಲೆಕುಡಿಯನು ಜೇನು ಕೀಳುವವನು. ಅವನ ವೃತ್ತಿಯಲ್ಲಿ ಹಿಂಸೆಯಿದೆಯೆಂದು ಹೇಳಿ ಅವನ ಸ್ಥಳಾಂತರವನ್ನು ಒಪ್ಪಿಬಿಡುವುದು ಸುಲಭ. ಆದರೆ ವ್ರತವು ತನಗೆ ತಾನು ಹಾಕಿಕೊಳ್ಳುವ ಕಟ್ಟು. ಅದನ್ನು ಪರರ ಹೊಟ್ಟೆಯ ಮೇಲೆ ಹೇರಿದರೆ ಅದು ವ್ರತವಾಗದೆ ದಂಡವಾಗುತ್ತದೆ. ಅವನು ವರ್ಷಕ್ಕೆ ಕೀಳುವ ಜೇನುತಟ್ಟಿಗಳ ಹಿಂಸೆಯನ್ನೂ ನಮ್ಮ ಗದ್ದೆಗಳಿಗೆ ಸಿಂಪಡಿಸುವ ಕೀಟನಾಶಕದ ಹಿಂಸೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಎಷ್ಟು ಮಂದಿ ಸಿದ್ಧರಿದ್ದೇವೆ? ಮುಖ್ಯವಾಗಿ ಅರೆನೀರಾವರಿ ಬೆಳೆಗಳಿಗೆಂದು ಯೋಜಿಸಿದ್ದ ಎಡದಂಡೆಯಲ್ಲಿ ಭತ್ತವು ಮಿತಿಮೀರಿ ಹಬ್ಬಿ, ಕಾಲುವೆಯ ಕೊನೆಯ ರೈತನಿಗೆ ನೀರು ಮುಟ್ಟದಿರುವುದು ಎಲ್ಲರಿಗೂ ಗೊತ್ತು. ಪರಿಗ್ರಹ ಪರಿಮಾಣದ ಪ್ರಶ್ನೆ ಮೊದಲು ಇಲ್ಲಿ ಏಳಬೇಕು, ಆಮೇಲೆ ಬೆಟ್ಟದಲ್ಲಿ.

ನೆಲೆ ತಪ್ಪಿದವರ ಬಾಳು ಸಿಂಧನೂರಿಗೆ ಹೊಸತಲ್ಲ. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳ ಪುನರ್ವಸತಿ ಕ್ಯಾಂಪುಗಳು ತಾಲೂಕಿನಲ್ಲೇ ಇವೆ. ಮನೆ ಸಿಕ್ಕ ಮೇಲೂ ಊರು ಸಿಗಲು ಎಷ್ಟು ಕಾಲ ಬೇಕೆಂಬುದನ್ನು ಅಲ್ಲಿಯ ಹಿರಿಯರನ್ನು ಕೇಳಬಹುದು.

ಕಾಡು ಉಳಿಯಲೇಬೇಕು, ಅದರಲ್ಲಿ ನನಗೆ ಸಂಶಯವಿಲ್ಲ. ಅದರ ಬೆಲೆಯನ್ನು ಅತ್ಯಂತ ಬಡವನೊಬ್ಬನೇ ತೆರುವುದನ್ನು ನಾವು ಮೌನದಿಂದ ಅನುಮೋದಿಸುತ್ತಿದ್ದೇವೆಯೇ ಎಂಬುದಷ್ಟೇ ಪ್ರಶ್ನೆ. ನಮ್ಮ ಟ್ರಸ್ಟುಗಳು ಇದನ್ನು ಲೆಕ್ಕದ ಪುಸ್ತಕದಲ್ಲಿಯೇ ಎದುರಿಸಬಹುದು. ಜೀವದಯೆಯ ಖಾತೆಯ ಹಣ ಪ್ರಾಣಿಪಕ್ಷಿಗಳಿಗೆ, ಅನುಕಂಪೆಯ ಖಾತೆಯದು ದೀನರಾದ ಮನುಷ್ಯರಿಗೆ. ಒಂದನ್ನು ಇನ್ನೊಂದಕ್ಕೆ ಬಳಸಕೂಡದೆಂಬುದು ಅನೇಕ ಟ್ರಸ್ಟುಗಳಲ್ಲಿ ನಡೆದುಬಂದ ಪದ್ಧತಿ. ಸಿಂಗಳೀಕದ ಕಾಡಿಗಾಗಿ ಮನೆ ಬಿಟ್ಟು ಬಂದವನ ಮಗಳ ಶಾಲೆಯ ಶುಲ್ಕವನ್ನು ಯಾವ ಖಾತೆಯಲ್ಲಿ ಬರೆಯಬೇಕು? ಎರಡರಲ್ಲಿಯೂ ಅರ್ಧರ್ಧವೆಂದು ನನ್ನ ಮತ. ಮುಂದಿನ ವಾರ್ಷಿಕ ಸಭೆಯಲ್ಲಿ ಟ್ರಸ್ಟಿಗಳು ಇದನ್ನು ಚರ್ಚೆಗೆ ಎತ್ತಿಕೊಂಡು, ಒಪ್ಪದಿದ್ದರೆ ಕಾರಣವನ್ನು ನಡಾವಳಿಯಲ್ಲಿ ಬರೆದಿಡಲಿ.