ಮಕ್ಕಾದ ಬಾಗಿಲಲ್ಲಿ ಒಂದು ಗಳಿಗೆ



ಹಜ್ಜ್ ಮುಗಿಸಿ ಜಿದ್ದಾದ ಮೂಲಕ ಊರಿಗೆ ಮರಳುವ ನಮ್ಮವರಲ್ಲಿ ಅನೇಕರಿಗೆ ಆ ನಗರವೆಂದರೆ ಕಂಬಳಿ, ಅತ್ತರು, ಖರ್ಜೂರಗಳ ಪೇಟೆ ಮಾತ್ರ. ಆದರೆ ಹಿಜರಿ 26ರಲ್ಲಿ, ಅಂದರೆ ಕ್ರಿ.ಶ. 647ರಲ್ಲಿ, ಖಲೀಫಾ ಹ. ಉಸ್ಮಾನ್(ರ) ಈ ಕಡಲೂರನ್ನು ಮಕ್ಕಾದ ಬಂದರಾಗಿ ಆರಿಸಿದರು. ಅಂದಿನಿಂದ ಸಮುದ್ರ ಮಾರ್ಗವಾಗಿ ಬರುವ ಹಾಜಿಗಳಿಗೆ ಇದೇ ಹೆಬ್ಬಾಗಿಲಾಯಿತು. 2014ರಲ್ಲಿ ಯುನೆಸ್ಕೋ ಹಳೆಯ ಜಿದ್ದಾವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದೂ 'ಮಕ್ಕಾದ ಬಾಗಿಲು' ಎಂದು ಕರೆದೇ.

ನೀವು ಅಲ್ಲಿಗೆ ಹೋದರೆ ಕೆಂಪು ಸಮುದ್ರದ ಹವಳದ ಕಲ್ಲಿನಿಂದ ಕಟ್ಟಿದ ಮನೆಗಳನ್ನೂ, ಅವುಗಳ ಮರದ ಜಾಲರಿಯ ಕಿಟಕಿಗಳನ್ನೂ ನೋಡಿರಿ. ಊರಿನ ಕೋಟೆಗೋಡೆಯನ್ನು 1947ರಲ್ಲಿ ಕೆಡವಲಾಯಿತು. ಮಕ್ಕಾದ ದಾರಿಗೆ ತೆರೆಯುವ 'ಬಾಬ್ ಮಕ್ಕಾ' ಎಂಬ ಬಾಗಿಲು ಇಂದಿಗೂ ಇದೆ. ಅದರ ಬಳಿ ಒಂದು ಗಳಿಗೆ ನಿಲ್ಲಿರಿ. ನಮ್ಮ ಹಿರಿಯರು ಮುಂಬಯಿಯಲ್ಲಿ ಹಡಗು ಹತ್ತಿ, ದಿನಗಟ್ಟಲೆ ಕಡಲಲ್ಲಿ ಕಳೆದು ಜಿದ್ದಾಕ್ಕೆ ಬಂದಿಳಿಯುತ್ತಿದ್ದರು. ಆ ಹಡಗುಯಾನ 1995ರಲ್ಲಿ ಕೊನೆಗೊಂಡಿತು. ಮರಳಿ ಬರುವೆವೆಂಬ ಭರವಸೆ ಇರದ ಕಾರಣ ಅವರಲ್ಲಿ ಬಹುಮಂದಿ ಸಾಲ ತೀರಿಸಿ, ಒಡಹುಟ್ಟಿದವರ ಹಾಗೂ ನೆರೆಯವರ ಕ್ಷಮೆ ಕೇಳಿಯೇ ಮನೆ ಬಿಡುತ್ತಿದ್ದರು.

ಇಂದು ವಿಮಾನವು ಕೆಲವೇ ಗಂಟೆಗಳಲ್ಲಿ ತಲುಪಿಸುತ್ತದೆ. ದಾರಿ ಸುಲಭವಾಯಿತು, ಲೆಕ್ಕ ಸುಲಭವಾಯಿತೇ?

ಹಜ್ಜ್ ಯಾತ್ರೆಯಲ್ಲಿ ಕೊಳ್ಳುವುದು, ಮಾರುವುದು ತಪ್ಪಲ್ಲವೆಂದು ಪವಿತ್ರ ಕುರ್‌ಆನ್ ತಿಳಿಸಿದೆ. ಆದ್ದರಿಂದ ಮಕ್ಕಳಿಗೆ ಉಡುಗೊರೆ ತನ್ನಿರಿ, ಬಂಧುಗಳಿಗೆ ಝಮ್‌ಝಮ್ ಹಂಚಿರಿ. ಆದರೆ ತಂದೆಯ ಆಸ್ತಿಯಲ್ಲಿ ಅಲ್ಲಾಹನು ತಂಗಿಗೆ ನಿಗದಿಪಡಿಸಿದ ಪಾಲನ್ನು ತನ್ನಲ್ಲೇ ಇಟ್ಟುಕೊಂಡು, ಆಕೆಯ ಕೈಗೆ ಒಂದು ಹಿಡಿ ಖರ್ಜೂರ ಕೊಡುವ ಅಣ್ಣನ ಹಜ್ಜ್ ಎಂಥದು? ಕೂಲಿಯವನ ಬಾಕಿ ಉಳಿಸಿಕೊಂಡು 'ಹಾಜಿ' ಎಂದು ಕರೆಸಿಕೊಳ್ಳುವುದು ಎಂಥ ಗೌರವ? ಅಲ್ಲಾಹನ ಮಾರ್ಗದಲ್ಲಿ ಪ್ರಾಣ ಕೊಟ್ಟವನಿಗೂ ಸಾಲವೊಂದನ್ನು ಬಿಟ್ಟು ಉಳಿದೆಲ್ಲವೂ ಕ್ಷಮಿಸಲ್ಪಡುವುದೆಂದು ಪ್ರವಾದಿ(ಸ) ತಿಳಿಸಿದ್ದಾರೆ. ಹಾಗಿರುವಾಗ ಜನರ ಹಕ್ಕು ನಮ್ಮ ಕೊರಳಿಂದ ಹಜ್ಜ್ ಮಾಡಿದ ಮಾತ್ರಕ್ಕೆ ಇಳಿಯುವುದೇ?

ಜಿದ್ದಾ ವಿಮಾನ ನಿಲ್ದಾಣದಲ್ಲಿ ನಿಮ್ಮ ಪೆಟ್ಟಿಗೆಯನ್ನು ತೂಗುತ್ತಾರೆ. ಭಾರ ಹೆಚ್ಚಾದರೆ ಅಲ್ಲೇ ಇಳಿಸಬಹುದು, ಹಣ ತೆತ್ತು ಕೊಂಡೊಯ್ಯಲೂಬಹುದು. ಮೀಝಾನಿನ ಮುಂದೆ ಅಂಥ ಅವಕಾಶವಿರದು. ಹಜ್ಜ್‌ಗೆ ಹೊರಡುವವರು ಮನೆ ಬಿಡುವ ಮುನ್ನವೇ, ಮರಳಿದವರು ಇಂದೇ ಆ ಪಾಲನ್ನು, ಆ ಬಾಕಿಯನ್ನು ಹಕ್ಕುದಾರರಿಗೆ ಮುಟ್ಟಿಸಲಿ.

ಅಲ್ಲಾಹನು ನಮ್ಮನ್ನು ಪರರ ಹಕ್ಕಿನ ಭಾರದಿಂದ ಮುಕ್ತಗೊಳಿಸಲಿ. ಆಮೀನ್.