ವಿಶ್ರಾಂತಿಯ ದಡ

ಭೀಮೆ ಮತ್ತು ಕೃಷ್ಣೆಯ ನಡುವಿನ ವಡಗೇರಾ ಸೀಮೆಯಲ್ಲಿ ನದಿಗೆ ಕೊರತೆಯಿಲ್ಲ. ಆದರೂ ಬೇಸಿಗೆ ರಜೆ ಬಂದಾಗ ಇಲ್ಲಿನ ಮಕ್ಕಳ ಮನಸ್ಸು ಕಡಲಿನತ್ತ ಹರಿಯುತ್ತದೆ. ಐನೂರು ಕಿಲೋಮೀಟರಿಗೂ ಮಿಗಿಲಾದ ದಾರಿ ಸವೆಸಿ, ಮಲ್ಪೆಯಲ್ಲಿ ದೋಣಿಯೇರಿ, ಸೇಂಟ್ ಮೇರಿಸ್ ದ್ವೀಪದಲ್ಲಿ ಒಂದು ಹಗಲನ್ನು ಕಳೆದು ಬರುವ ಆಸೆ ಅವರದು.

ಆ ದ್ವೀಪ ಅಂಥ ಆಸೆಗೆ ತಕ್ಕದ್ದೇ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ, ಲಾವಾರಸ ತಣಿದು ನಿಂತ ಶಿಲಾಸ್ತಂಭಗಳು ಅಲ್ಲಿವೆ. 1498ರಲ್ಲಿ ವಾಸ್ಕೊ ಡ ಗಾಮ ಅಲ್ಲಿಳಿದು ಮಾತೆ ಮರಿಯಳ ಹೆಸರಿಟ್ಟನೆಂಬ ಪ್ರತೀತಿಯಿದೆ. ಮನೆಗಳಿಲ್ಲ, ಸಂತೆಯಿಲ್ಲ, ತೆಂಗಿನ ಮರ, ಚಿಪ್ಪು ಹಾಸಿದ ದಡ, ಅಲೆಗಳ ಸದ್ದು. ಸಂಜೆಯಾಗುವಾಗ ಎಲ್ಲರೂ ಮರಳಲೇಬೇಕು. ಮಳೆಗಾಲದಲ್ಲಿ ದೋಣಿ ಸಂಚಾರವೇ ನಿಲ್ಲುತ್ತದೆ.

ನಮ್ಮ ಜಿಲ್ಲೆಯಲ್ಲಿಯೂ ಒಂದು ದ್ವೀಪವಿದೆ. ಸುರಪುರ ಸೀಮೆಯ ಕಕ್ಕೇರಾ ಬಳಿ, ಕೃಷ್ಣೆಯ ಒಡಲಿನಲ್ಲಿರುವ ನೀಲಕಂಠರಾಯನಗಡ್ಡಿ. ನಾರಾಯಣಪುರದ ಬಸವಸಾಗರ ಜಲಾಶಯದಿಂದ ನೀರು ಬಿಟ್ಟು ಪ್ರವಾಹ ಬಂದಾಗ ಆ ಊರಿನವರ ಸಂಪರ್ಕ ಕಡಿದುಹೋಗುತ್ತಿತ್ತು. 2014ರಲ್ಲಿ ಅಲ್ಲಿನ ಒಬ್ಬ ತುಂಬು ಗರ್ಭಿಣಿ, ಆಸ್ಪತ್ರೆಯಲ್ಲಿಯೇ ಹೆರಿಗೆಯಾಗಬೇಕೆಂಬ ಹಂಬಲದಿಂದ, ಒಣಗಿದ ಸೋರೆಬುರುಡೆಗಳನ್ನು ಕಟ್ಟಿಕೊಂಡು, ಮನೆಯವರ ಆಸರೆಯಲ್ಲಿ ಉಕ್ಕುವ ಹೊಳೆಯನ್ನು ಈಜಿ ದಾಟಿದಳು.

ಎರಡೂ ಕಡೆ ಸುತ್ತಲೂ ನೀರೇ. ಒಂದು ಕಡೆ ಅದು ಸೊಬಗು, ಇನ್ನೊಂದು ಕಡೆ ಅದು ಗೋಡೆ. ಬೇಕೆಂದಾಗ ಮರಳಲು ದೋಣಿ ಕಾದಿದೆಯೆಂಬ ಭರವಸೆಯೇ ನಮಗೆ ದ್ವೀಪವನ್ನು ಸುಂದರವಾಗಿಸುತ್ತದೆ. ಆ ಭರವಸೆಯಿಲ್ಲದವರಿಗೆ ಏಕಾಂತವೆಂಬುದು ಒಂಟಿತನದ ಇನ್ನೊಂದು ಹೆಸರು.

ಹಾಗಾದರೆ ವಿಶ್ರಾಂತಿಯನ್ನು ಬಯಸುವುದು ತಪ್ಪೇ? ಖಂಡಿತ ಅಲ್ಲ. ನಾವು ಕಡಲು ನೋಡದೆ ಉಳಿದ ಮಾತ್ರಕ್ಕೆ ಯಾವ ಹೊಳೆಗೂ ಸೇತುವೆ ಏಳುವುದಿಲ್ಲ. ದಣಿದ ಶಿಷ್ಯರನ್ನು ಯೇಸು ತಾವೇ ದೋಣಿಯಲ್ಲಿ ನಿರ್ಜನ ಸ್ಥಳಕ್ಕೆ ಕರೆದೊಯ್ದ ಸಂಗತಿ ಮಾರ್ಕನ ಶುಭಸಂದೇಶದ ಆರನೆಯ ಅಧ್ಯಾಯದಲ್ಲಿದೆ. ಆದರೆ ಅವರು ದಡ ಮುಟ್ಟುವ ಮುನ್ನವೇ ಜನಸಮೂಹ ಅಲ್ಲಿ ಸೇರಿತ್ತು. ಏಕಾಂತ ಕೆಟ್ಟಿತೆಂದು ಅವರು ಸಿಡುಕಲಿಲ್ಲ, ಕನಿಕರಪಟ್ಟರು. ವಿಶ್ರಾಂತಿಯ ನಿಜವಾದ ಒರೆಗಲ್ಲು ಇದೇ: ಅದು ನಮ್ಮ ಕಣ್ಣನ್ನು ಮುಚ್ಚಿಸುತ್ತದೆಯೋ, ತೆರೆಸುತ್ತದೆಯೋ?

ಹಳೆಯ ಒಡಂಬಡಿಕೆಯ ಸಬ್ಬತ್ ನಿಯಮವೂ ಮನೆಯ ಯಜಮಾನನಿಗೆ ಮಾತ್ರ ಬಿಡುವು ಕೊಡಲಿಲ್ಲ. ಆಳಿಗೆ, ಪರದೇಶಿಗೆ, ದುಡಿಯುವ ಪಶುವಿಗೆ ಸಹ ಅದರಲ್ಲಿ ಪಾಲಿತ್ತು. ನಮ್ಮ ಪ್ರವಾಸಗಳಲ್ಲಿ ಹಾಗಿದೆಯೇ? ಎಲ್ಲರೂ ಮಲಗಿರುವಾಗ ಎದ್ದು ಜೋಳದ ರೊಟ್ಟಿ ಬಡಿದು, ಶೇಂಗಾ ಹಿಂಡಿ ಕಟ್ಟಿಕೊಳ್ಳುವ ತಾಯಿ, ದಡದಲ್ಲಿಯೂ ಬಡಿಸುತ್ತಲೇ ಇರುತ್ತಾಳೆ. ರಾತ್ರಿಯಿಡೀ ವಾಹನ ಓಡಿಸಿದ ಚಾಲಕ ಊಟ ಮಾಡಿದನೇ ಎಂದು ಕೇಳುವವರು ಕಡಿಮೆ. ನಾವು ಬಿಟ್ಟು ಬಂದ ಬಾಟಲಿಯನ್ನು ಮತ್ತಾರೋ ಬಾಗಿ ಹೆಕ್ಕಬೇಕು.

ಆದ್ದರಿಂದ ಈ ಬೇಸಿಗೆಯಲ್ಲಿ ಕಡಲಿಗೆ ಹೊರಡುವ ಕುಟುಂಬಗಳು ಸಂತೋಷದಿಂದ ಹೋಗಿಬರಲಿ. ಬುತ್ತಿ ಕಟ್ಟುವ ಕೆಲಸ ಮನೆಮಂದಿಗೆಲ್ಲ ಹಂಚಿಹೋಗಲಿ. ಅಲೆಗಳೆದುರು ಅಮ್ಮನೂ ಒಂದು ಗಳಿಗೆ ಸುಮ್ಮನೆ ಕುಳಿತಿರಲಿ.