ಬಾಯಿ ಕಟ್ಟುವವರು ಯಾರು?

ಛಾಂದೋಗ್ಯ ಉಪನಿಷತ್ತಿನ ಆರನೆಯ ಅಧ್ಯಾಯದಲ್ಲಿ ಅಪ್ಪ ಮಗನ ಮೇಲೆ ಒಂದು ಪ್ರಯೋಗ ಮಾಡುತ್ತಾನೆ. ಶ್ವೇತಕೇತು ಹನ್ನೆರಡು ವರ್ಷ ಗುರುಕುಲದಲ್ಲಿದ್ದು ವೇದಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡು, ಕೊಂಚ ಜಂಬದಿಂದಲೇ ಮನೆಗೆ ಮರಳಿದವನು. ಹದಿನೈದು ದಿನ ಊಟ ಬಿಡು, ನೀರು ಮಾತ್ರ ಬೇಕಾದಷ್ಟು ಕುಡಿ ಎನ್ನುತ್ತಾನೆ ತಂದೆ ಉದ್ದಾಲಕ. ಉಪವಾಸ ಮುಗಿಸಿ ಮಗ ಎದುರು ಕೂತಾಗ ಋಕ್ಕು, ಯಜುಸ್ಸು, ಸಾಮಗಳನ್ನು ಹೇಳೆಂದು ಕೇಳುತ್ತಾನೆ. ಒಂದೂ ನೆನಪಿಗೆ ಬರುವುದಿಲ್ಲ. ಉಂಡು ಬಾ ಎಂದು ಕಳಿಸುತ್ತಾನೆ. ಉಂಡು ಬಂದ ಮೇಲೆ ಕೇಳಿದ್ದೆಲ್ಲ ಸರಾಗವಾಗಿ ಬರುತ್ತದೆ. ಮನಸ್ಸು ಅನ್ನದಿಂದಲೇ ಆದದ್ದು ಎಂಬ ಪಾಠ ಶ್ವೇತಕೇತುವಿಗೆ ಹೊಟ್ಟೆಯ ಮೂಲಕ ತಲೆಗೆ ಹತ್ತಿತು. ಪ್ರವಚನಗಳಲ್ಲಿ ಈ ಭಾಗ ಬೇಗ ದಾಟಿಹೋಗುತ್ತದೆ. ಎಲ್ಲರಿಗೂ ಅದೇ ಅಧ್ಯಾಯದಲ್ಲಿ ಮುಂದೆ ಬರುವ ಮಹಾವಾಕ್ಯದ ಅವಸರ.

ಮಧುಮೇಹಿಗಳಿರುವ ಮನೆಗಳಲ್ಲಿ ಈ ಪ್ರಯೋಗ ಆಗಾಗ ತಾನಾಗಿಯೇ ನಡೆಯುತ್ತದೆ. ಮೆದುಳು ದೇಹದ ತೂಕದಲ್ಲಿ ನೂರಕ್ಕೆ 2 ಪಾಲು ಮಾತ್ರ, ಆದರೆ ದೇಹ ಸುಮ್ಮನೆ ಕೂತಾಗ ಖರ್ಚಾಗುವ ಶಕ್ತಿಯಲ್ಲಿ ಹತ್ತಿರ ಹತ್ತಿರ 20 ಪಾಲು ಅದಕ್ಕೇ ಬೇಕು. ಇನ್ಸುಲಿನ್ ಚುಚ್ಚಿಕೊಂಡ ಮೇಲೆ ತಿಂಡಿ ತಡವಾದರೆ ಏನಾಗುತ್ತದೆ ಎಂದು ಕಂಡವರಿಗೆ ಗೊತ್ತು. ಮೊದಲು ಬೆವರು, ಕೈನಡುಕ. ರಕ್ತದ ಸಕ್ಕರೆ ಡೆಸಿಲೀಟರಿಗೆ 54 ಮಿಲಿಗ್ರಾಂಗಿಂತ ಕೆಳಗಿಳಿಯುವ ಹೊತ್ತಿಗೆ ಮಾತು ತೊದಲುತ್ತದೆ, ಮಗಳ ಹೆಸರು ತಪ್ಪುತ್ತದೆ, ಎಂದೂ ದನಿ ಏರಿಸದ ಹಿರಿಯರು ರೇಗುತ್ತಾರೆ. ಸಕ್ಕರೆ ನೀರಿನ ಲೋಟ ತುಟಿಗೆ ಹಿಡಿದರೆ ‘ನನಗೇನಾಗಿದೆ, ಬಿಡೇ’ ಎಂದು ಹೆಂಡತಿಯ ಕೈ ತಳ್ಳುತ್ತಾರೆ. ಹೇಗೋ ಕುಡಿಸಿದರೆ, ಸ್ವಲ್ಪ ಹೊತ್ತಿನಲ್ಲೇ ಅದೇ ಕುರ್ಚಿಯಲ್ಲಿ ಕೂತು ಏನೂ ಆಗದವರಂತೆ ಪೇಪರ್ ಕೇಳುತ್ತಾರೆ.

ಆ ನಡುವಿನ ಬೈಗುಳ ಯಾರ ಲೆಕ್ಕಕ್ಕೆ? ‘ಶುಗರ್ ಲೋ ಆಗಿತ್ತು, ಪಾಪ’ ಎಂದು ಮನೆಯವರು ಅದನ್ನು ಹೊಡೆದುಹಾಕುತ್ತಾರೆ. ಅದೇ ಹಿರಿಯರು ಮದುವೆ ಮನೆಯಲ್ಲಿ ಎರಡನೆಯ ಹೋಳಿಗೆಗೆ ಎಲೆ ತೋರಿಸಿದರೆ ಮಾತ್ರ ಕ್ಷಮೆ ಇಲ್ಲ. ‘ಬಾಯಿ ಕಟ್ಟೋಕಾಗಲ್ವಾ ನಿಮಗೆ?’ ಸಕ್ಕರೆ ಇಳಿದಾಗ ಅದು ರೋಗ, ಏರಿದಾಗ ಅಪರಾಧ.

ಈ ಧೋರಣೆಗೆ ಹಳೆಯ ಆಧಾರವೂ ಉಂಟು. ಧೀ, ಧೃತಿ, ಸ್ಮೃತಿ, ಅಂದರೆ ಬುದ್ಧಿ, ತಡೆದುಕೊಳ್ಳುವ ಶಕ್ತಿ ಮತ್ತು ನೆನಪು, ಈ ಮೂರೂ ಕೆಟ್ಟು ಮನುಷ್ಯ ಮಾಡುವ ಕೆಲಸವನ್ನು ಚರಕಸಂಹಿತೆ ಪ್ರಜ್ಞಾಪರಾಧ ಎಂದು ಕರೆಯುತ್ತದೆ. ರೋಗಗಳ ಬೇರುಗಳಲ್ಲಿ ಇದನ್ನು ಮುಖ್ಯವಾಗಿ ಎಣಿಸುತ್ತದೆ. ಮಧುಮೇಹವನ್ನೂ ಒಳಗೊಂಡ ಪ್ರಮೇಹದ ಕಾರಣಗಳ ಪಟ್ಟಿಯಲ್ಲಿ ಕೂತಲ್ಲೇ ಕೂರುವ ಸುಖ, ನಿದ್ದೆಯ ಸುಖ, ಮೊಸರು, ಹಾಲು, ಹೊಸ ಧಾನ್ಯ, ಬೆಲ್ಲದ ತಿನಿಸು ಎಲ್ಲ ಇವೆ. ಸುಶ್ರುತನ ಚಿಕಿತ್ಸೆ ಇನ್ನೂ ಬಿಗಿ. ಬಡ ರೋಗಿಯಾದರೆ ಚಪ್ಪಲಿ, ಕೊಡೆ ಬಿಟ್ಟು, ಭಿಕ್ಷೆ ಬೇಡಿ ಉಣ್ಣುತ್ತ ನೂರು ಯೋಜನ ನಡೆಯಬೇಕು; ಇಲ್ಲವೇ ಕಾಡಿನಲ್ಲಿ ಮುನಿಯಂತೆ ಇರಬೇಕು, ದನಗಳ ಹಿಂದೆ ತಿರುಗಬೇಕು, ಬಾವಿ ತೋಡಬೇಕು. ಓದಿದರೆ ಇದು ಚಿಕಿತ್ಸೆಯೋ ಪ್ರಾಯಶ್ಚಿತ್ತವೋ ಬಿಡಿಸಿ ಹೇಳುವುದು ಕಷ್ಟ. ಆದರೆ ಪ್ರಮೇಹದಲ್ಲಿ ಹುಟ್ಟಿನಿಂದ ಬಂದದ್ದು ಬೇರೆ, ಅಪಥ್ಯದಿಂದ ಬಂದದ್ದು ಬೇರೆ ಎಂದು ಗುರುತಿಸಿದವನೂ ಸುಶ್ರುತನೇ. ಮೊದಲನೆಯವರು ಸಾಮಾನ್ಯವಾಗಿ ಬಡಕಲು, ಎರಡನೆಯವರು ಸ್ಥೂಲ ಎಂದೂ ಹೇಳಿದ. ರೋಗಿಯ ತಲೆಯ ಮೇಲಿನ ಆರೋಪವನ್ನು ಅವನು ಅಷ್ಟು ಹಿಂದೆಯೇ ಅರ್ಧ ಇಳಿಸಿದ್ದ.

ಉಳಿದರ್ಧವನ್ನು ಈಗಿನ ನರವೈದ್ಯಶಾಸ್ತ್ರ ಅಲುಗಾಡಿಸುತ್ತಿದೆ. ಟೈಪ್ 2 ಮಧುಮೇಹ ಇರುವವರಲ್ಲಿ ಡಿಮೆನ್ಶಿಯಾದ ಸಾಧ್ಯತೆ ಇಲ್ಲದವರಿಗಿಂತ ಸುಮಾರು ಒಂದೂವರೆ ಪಟ್ಟು. ಮೆದುಳಿನ ಸಣ್ಣ ರಕ್ತನಾಳಗಳು ಕೆಡುತ್ತವೆ, ನರಕೋಶಗಳು ಇನ್ಸುಲಿನ್‌ಗೆ ಸರಿಯಾಗಿ ಓಗೊಡುವುದಿಲ್ಲ. ಮರೆವು ಎದ್ದು ಕಾಣುವುದಕ್ಕೆ ಮೊದಲೇ ಸೂಕ್ಷ್ಮವಾಗಿ ಸವೆಯುವಂಥವು ಬೇರೆ: ಮುಂದಿನದನ್ನು ಯೋಜಿಸುವುದು, ಚುರುಕಾಗಿ ಯೋಚಿಸುವುದು, ಎದುರಿಗಿದ್ದದ್ದಕ್ಕೆ ಕೈಹಾಕದೆ ತಡೆದುಕೊಳ್ಳುವುದು. ಚರಕನ ಧೀ, ಧೃತಿ, ಸ್ಮೃತಿ ಇವೇ ಅಲ್ಲವೆ? ಅವು ಕೆಟ್ಟದ್ದರಿಂದ ರೋಗ ಬಂತು ಎಂದು ಚರಕ. ರೋಗ ಬಂದದ್ದರಿಂದ ಅವು ಕೆಡುತ್ತಿವೆ ಎಂದು ಇಂದಿನ ವೈದ್ಯರು. ಹೀಗಿರುವಾಗ ‘ಸಂಯಮ ಇರಲಿ, ಮಾತ್ರೆ ಮರೀಬೇಡಿ’ ಎಂದಷ್ಟೇ ಹೇಳಿ ಕಳಿಸುವುದು, ಕಾಲು ಮುರಿದವನಿಗೆ ಓಡಿಹೋಗಿ ಮೂಳೆ ಡಾಕ್ಟರನ್ನು ಕರೆದುಕೊಂಡು ಬಾ ಎಂದ ಹಾಗೆ.

ದೇಹದ ತೂಕದ ವಿಚಾರವಂತೂ ಇನ್ನೂ ಗೋಜಲು. ದಪ್ಪಗಿದ್ದವರನ್ನು ಹೊಟ್ಟೆಬಾಕರೆಂದೂ ತೆಳ್ಳಗಿದ್ದವರನ್ನು ಸಂಯಮಿಗಳೆಂದೂ ತೀರ್ಮಾನಿಸುವ ಕಣ್ಣಿಗೆ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಒಂದು ಫೋಟೊ ತೋರಿಸಿತು. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಜಾನ್ ಯುಡ್ಕಿನ್ ಅಕ್ಕಪಕ್ಕ ನಿಂತಿದ್ದಾರೆ. ಇಬ್ಬರ ಬಿಎಂಐ ಕೂಡ 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ 9.1, ಯಾಜ್ಞಿಕ್ ಮೈಯಲ್ಲಿ ಶೇ 21.2. ವಯಸ್ಸೂ ಅರ್ಥ ಬದಲಿಸುತ್ತದೆ. ನಡುವಯಸ್ಸಿನ ಬೊಜ್ಜು ಮುಂದಿನ ಮರೆವಿಗೆ ದಾರಿಯಾಗಬಹುದು ಎಂದು ಅನೇಕ ಅಧ್ಯಯನಗಳು ಹೇಳಿವೆ. ಆದರೆ ಸುಮಾರು 20 ಲಕ್ಷ ಬ್ರಿಟಿಷರ ವೈದ್ಯಕೀಯ ದಾಖಲೆ ನೋಡಿದ 2015ರ ಅಧ್ಯಯನದಲ್ಲಿ ಡಿಮೆನ್ಶಿಯಾ ಹೆಚ್ಚು ಕಂಡದ್ದು ತೂಕ ತೀರ ಕಡಿಮೆ ಇದ್ದವರಲ್ಲಿ. ಈ ವಿರೋಧಕ್ಕೆ ಒಂದು ಉತ್ತರವೆಂದರೆ, ರೋಗ ಪತ್ತೆಯಾಗುವ ಕೆಲವು ವರ್ಷ ಮೊದಲೇ ಮೈ ಇಳಿಯತೊಡಗುತ್ತದೆ. ಎಪ್ಪತ್ತು ದಾಟಿದ ಅಪ್ಪ ತಾವಾಗಿ ಸಣ್ಣಗಾದರೆ ‘ವಾಕಿಂಗ್ ಫಲ ಕೊಟ್ಟಿತು’ ಎಂದು ಹಿಗ್ಗುವುದಕ್ಕೆ ಮುಂಚೆ ಒಮ್ಮೆ ತೋರಿಸುವುದು ಒಳ್ಳೆಯದು.

‘ಎಲ್ಲ ಅವರವರ ಕರ್ಮ’ ಎನ್ನುವವರು ಮೈಸೂರಿನ ಮಿಷನ್ ಆಸ್ಪತ್ರೆಯ ಕಡತಗಳ ಕಥೆ ಕೇಳಬೇಕು. ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ಎಂದು ಅದರ ಹೆಸರು. ಅಲ್ಲಿ 1934ರಿಂದ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಸುತ್ತಳತೆ ಬರೆದಿಡುತ್ತಿದ್ದರು. ದಶಕಗಳ ಮೇಲೆ ಸಂಶೋಧಕರು ಆ ಮಕ್ಕಳನ್ನು, ಅಷ್ಟು ಹೊತ್ತಿಗೆ ನಲವತ್ತು ಐವತ್ತು ದಾಟಿದವರನ್ನು, ಹುಡುಕಿ ಸಕ್ಕರೆ ಪರೀಕ್ಷೆ ಮಾಡಿದರು. ಹುಟ್ಟುವಾಗ ಗಿಡ್ಡಗೆ ಗುಂಡಗೆ ಇದ್ದವರಲ್ಲಿ, ತೂಕ ಹೆಚ್ಚಿದ್ದ ತಾಯಂದಿರ ಮಕ್ಕಳಲ್ಲಿ ಮಧುಮೇಹ ಹೆಚ್ಚಿತ್ತು. ಮುಂದೆ ಇದೇ ಕಡತಗಳ ಆಧಾರದ ಮೇಲೆ ಅವರ ಮುಪ್ಪಿನ ನೆನಪಿನ ಶಕ್ತಿಯನ್ನೂ ಅಳೆಯಲಾಯಿತು. ಮೊದಲ ತುತ್ತು ಉಣ್ಣುವ ಮುಂಚೆಯೇ ಬಿದ್ದ ಈ ಹೊರೆಯನ್ನು ಯಾರ ನಾಲಿಗೆ ಚಪಲ ಎನ್ನುವುದು? ಸಂಯುತ್ತ ನಿಕಾಯದಲ್ಲಿ ಸೀವಕನೆಂಬ ಪರಿವ್ರಾಜಕ ಬುದ್ಧನನ್ನು ಇದೇ ಕೇಳುತ್ತಾನೆ: ಮನುಷ್ಯ ಅನುಭವಿಸುವುದೆಲ್ಲ ಹಿಂದೆ ಮಾಡಿದ್ದರ ಫಲವೇ? ಬುದ್ಧ ಒಪ್ಪುವುದಿಲ್ಲ. ಪಿತ್ತದಿಂದ, ಕಫದಿಂದ, ವಾತದಿಂದ, ಋತು ಬದಲಾಗುವುದರಿಂದಲೂ ನೋವು ಬರುತ್ತದೆ. ಎಲ್ಲಕ್ಕೂ ಕರ್ಮವೇ ಕಾರಣ ಎನ್ನುವವರು ಕಂಡದ್ದನ್ನು ಮೀರಿ ಮಾತಾಡುತ್ತಾರೆ ಎನ್ನುತ್ತಾನೆ.

ಹಾಗಾದರೆ ತಿನ್ನುವವನ ಹೊಣೆ ಏನೂ ಇಲ್ಲವೆ? ಅದೇ ನಿಕಾಯದಲ್ಲಿ ಕೋಸಲದ ದೊರೆ ಪ್ರಸೇನಜಿತ್ ಬರುತ್ತಾನೆ. ದೊಡ್ಡ ಕೊಳಗದಷ್ಟು ಅನ್ನ ಉಂಡು, ಏದುಸಿರು ಬಿಡುತ್ತ ಬುದ್ಧನ ಮುಂದೆ ಕೂರುತ್ತಾನೆ. ಊಟದಲ್ಲಿ ಎಚ್ಚರವಿಟ್ಟು ಅಳತೆ ತಿಳಿದವನಿಗೆ ಏನು ಲಾಭ ಎಂದು ಬುದ್ಧ ಒಂದು ಪದ್ಯ ಹೇಳುತ್ತಾನೆ. ನೆನಪಿಟ್ಟುಕೊಳ್ಳುತ್ತೇನೆ ಎಂದು ದೊರೆ ಮಾತು ಕೊಡುವುದಿಲ್ಲ. ತನ್ನ ಧೃತಿ ಎಷ್ಟೆಂದು ಅವನಿಗೇ ಗೊತ್ತು. ಹಿಂದೆ ನಿಂತಿದ್ದ ಸುದಸ್ಸನನೆಂಬ ಹುಡುಗನಿಗೆ, ಇದನ್ನು ಕಲಿತು ನಾನು ಉಣ್ಣುವಾಗಲೆಲ್ಲ ಹೇಳು, ದಿನಕ್ಕೆ ನೂರು ಕಹಾಪಣ ಕೊಡುತ್ತೇನೆ ಎನ್ನುತ್ತಾನೆ. ಬರಬರುತ್ತ ಊಟ ಇಳಿದು, ಮೈ ಹಗುರಾಗಿ, ಕೈಕಾಲು ಸವರಿಕೊಂಡು ಸಂತೋಷಪಡುತ್ತಾನೆ. ತನ್ನ ಸ್ಮೃತಿಯನ್ನು ಇನ್ನೊಬ್ಬರ ಬಾಯಲ್ಲಿಟ್ಟು ಅದಕ್ಕೆ ಸಂಬಳ ಕೊಟ್ಟ ಈ ದೊರೆ, ಹೊಣೆ ಹೊರುವುದಕ್ಕೆ ಒಂಟಿ ಛಲವೇ ಬೇಕಿಲ್ಲ ಎಂದು ಅರಿತಿದ್ದ. ಫಿನ್‌ಲ್ಯಾಂಡಿನ ‘ಫಿಂಗರ್’ ಪ್ರಯೋಗ (2015) ಹಿಡಿದದ್ದೂ ಹೆಚ್ಚು ಕಡಿಮೆ ಇದೇ ಜಾಡು. 60ರಿಂದ 77 ವಯಸ್ಸಿನ 1260 ಜನರಲ್ಲಿ ಅರ್ಧದಷ್ಟು ಮಂದಿಗೆ ಎರಡು ವರ್ಷ ಊಟದ ಸಲಹೆ, ವ್ಯಾಯಾಮ, ಮೆದುಳಿಗೆ ಕಸರತ್ತು, ರಕ್ತದೊತ್ತಡ ಮೊದಲಾದವುಗಳ ಮೇಲೆ ನಿಗಾ. ಉಳಿದವರಿಗೆ ಬರೀ ಸಾಮಾನ್ಯ ಸಲಹೆ. ಜೊತೆಗೆ ಜನವಿದ್ದು ನಡೆಸಿಕೊಂಡು ಹೋದ ಗುಂಪಿನ ಯೋಚನಾಶಕ್ತಿಯ ಅಂಕಗಳು ಹೆಚ್ಚು ಸುಧಾರಿಸಿದವು.

ಬಿಗಿದಷ್ಟೂ ಒಳ್ಳೆಯದು ಎಂಬ ನಂಬಿಕೆ ಮಾತ್ರ ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಅಮೆರಿಕದ ‘ಅಕಾರ್ಡ್’ ಪ್ರಯೋಗದಲ್ಲಿ ಸಕ್ಕರೆಯನ್ನು ತೀರ ಕೆಳಗೆ ಹಿಡಿದಿಟ್ಟ ಗುಂಪಿನಲ್ಲಿ ಸಾವು ಹೆಚ್ಚಾಗಿ, 2008ರಲ್ಲಿ ಆ ಭಾಗವನ್ನೇ ನಿಲ್ಲಿಸಬೇಕಾಯಿತು. ಅದರಲ್ಲೇ ಸುಮಾರು 3000 ಜನರ ಯೋಚನಾಶಕ್ತಿಯ ಪರೀಕ್ಷೆ ಮಾಡಿದಾಗ, ಬಿಗಿ ಹಿಡಿತದವರ ಬುದ್ಧಿಶಕ್ತಿ ಬೇರೆಯವರಿಗಿಂತ ಉತ್ತಮವಾಗಿರಲಿಲ್ಲ. ಮರೆವು ಹತ್ತಿದ ವೃದ್ಧರಿಗೆ ಎಚ್‌ಬಿಎ1ಸಿ (ಮೂರು ತಿಂಗಳ ಸಕ್ಕರೆಯ ಸರಾಸರಿ ತೋರುವ ಅಳತೆ) ಏಳಕ್ಕೆ ಇಳಿಯಲೇಬೇಕೆಂಬ ಹಟ ಬೇಡ, ಎಂಟರ ಒಳಗಿದ್ದರೂ ಆದೀತು, ಇನ್ಸುಲಿನ್ ಸರಳ ಮಾಡಿ, ಲೋ ಆಗದಂತೆ ನೋಡಿ ಎಂದು ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಶನ್ ಈಗ ಹೇಳುತ್ತದೆ. ರೋಗಿಗೆ ರಂಜಾನ್ ಉಪವಾಸದಿಂದ ಕುರಾನ್ ವಿನಾಯಿತಿ ಕೊಟ್ಟಿದೆ, ಆಪತ್ತಿನಲ್ಲಿರುವವನಿಗೆ ಧರ್ಮಶಾಸ್ತ್ರಗಳು ನಿಯಮ ಸಡಿಲಿಸಿವೆ. ವೈದ್ಯಶಾಸ್ತ್ರ ಅಲ್ಲಿಗೆ ತಡವಾಗಿ ಬಂತು. ಡಾಕ್ಟರು ಚೀಟಿಯಲ್ಲಿ ಎರಡು ಮಾತ್ರೆ ಹೊಡೆದುಹಾಕಿದರೂ ಮನೆಯವರನ್ನು ಒಪ್ಪಿಸುವುದು ಸುಲಭವಲ್ಲ. ಪಥ್ಯ ಸಡಿಲಿಸಿದರೆ ಅಪ್ಪನನ್ನು ಕೈಬಿಟ್ಟ ಹಾಗೆ ಎಂದು ಮಕ್ಕಳಿಗೆ ಅನ್ನಿಸುತ್ತದೆ. ಅಷ್ಟು ವರ್ಷ ಹೋಳಿಗೆ ತಪ್ಪಿಸಿದ್ದೇನು ಸುಮ್ಮನೆಯೇ ಎಂದು ಅಮ್ಮ ಡಾಕ್ಟರನ್ನೇ ತಿರುಗಿ ಕೇಳುತ್ತಾರೆ.